ದೀರ್ಘಕ್ಕ ಬ್ಯಾರೆ ರೊಕ್ಕ

ಹುಮನಾಬಾದ ಬಸ್‌ಸ್ಟ್ಯಾಂಡಿನ ಎದುರಿಗಿ
ಖಲೀಲ್ ಸಾಬ ಬೇಕರಿಗಿ ಹೊಸಾ ಗಾಜು ಕೂಡಿಸ್ಯಾನ,
ನಾಕು ಫೂಟು.
‘ಧೂಳಪ್ಪಾ, ಒಂದೇ ಮಾತು ಬರಿ,
ಕನ್ನಡದಾಗ, ಕೆಂಪು ಬಣ್ಣದಾಗ.
ಭಟ್ಟಿಯಿಂದ ಬಿಸಿಬಿಸಿ ಇಳಿತದಲ್ಲ, ಅದರ ಹೆಸರು.’

ಅಕ್ಷರಕ್ಕ ನಲವತ್ತು ನನ್ನ ರೇಟು.
ಒತ್ತು ಪುಕ್ಕಟ.
ದೀರ್ಘಕ್ಕ ಬ್ಯಾರೆ ರೊಕ್ಕ,
ಯಾಕಂದ್ರ ಅದು ಜಾಗಾ ತಿಂತದ.

ಬಿ ಬರದೆ.
ಸ-ದ ಹೊಟ್ಟಿ ಬರದೆ, ಕಾಲಬುಡಕ ಕ-ದ ಒತ್ತು ಕೂಡಿಸಿದೆ.
ತಲಿ ಬಾಕಿ.
ಗುಡಿಸು ಇಡಲೋ, ಕೊಂಬು ಹಚ್ಚಲೋ?
ಬ್ರಶ್ಶು ಗಾಳ್ಯಾಗ ನಿಂತಿತು.

‘ಬಿಸ್ಕುಟ್’ ಅಂದ ಖಲೀಲ್ ಸಾಬ
ಟ್ರೇ ಇಳಸಕೋತ, ‘ಇದ್ರಾಗ ಕೇಳೋದೇನದ?’
ಗಲ್ಲಾದ ಹಿಂದ ಕುಂತ ಅವರವ್ವ ತಿದ್ದಿದಳು:
‘ಬಿಸ್ಕುಟಾಂ, ಬೇಟಾ. ಒಂದೇ ಒಂದು ಯಾರು ತಿಂತಾರ?’

ತಾಂಡಾದ ಝಮಲಿಬಾಯಿ
ಮೊಮ್ಮಗನ ಕೈ ಹಿಡಕೊಂಡು ಬಂದು
ಐದ್ರುಪಾಯಿದು ಬಿಸ್ಕೋಟ್ ಕೇಳಿದಳು.
ಉದಗೀರದ ಹುಡುಗ ‘ಬಿಸ್ಕಿಟ್’ ಅಂದ,
ಕೊನೀ ಅಕ್ಷರ ಹಲ್ಲಿಲೆ ಕಡದಂಗ.
ಜಹೀರಾಬಾದಿನ ಎಲ್ಲಯ್ಯ
ಲಾರಿ ಬಂದ್ ಮಾಡದೇನೇ ಒದರಿದ:
‘ಅರ್ಧ ಕಿಲೋ ಬಿಸ್ಕೆಟ್ಲು!’
ಆ ಕಡಿ ಮಂದಿಗಿ ಲು ಅಂಬೋದು
ಕೊತಂಬರಿ ಇದ್ದಂಗ, ಎಲ್ಲಾದರ ಮ್ಯಾಲೂ ಉದುರಸ್ತಾರ.

ಆಮ್ಯಾಲ ಬ್ಯಾಂಕಿನ ಸುಧಾಮಣಿ ಮೇಡಮ್,
ಚನ್ನಪಟ್ಟಣದವರು,
ಚಸ್ಮಾ ಏರಿಸಿ ಗಾಜು ನೋಡಿ
ಭಾಳ ಮೆತ್ತಗ ಹೇಳಿದರು:
‘ಬಿಸ್ಕತ್ತು ಅಂತ ಬರೀರಿ. ಅದೇ ಸರಿ.’

ಖರೇ ಹೇಳ್ತೀನಿ, ಅವರ ತಪ್ಪೇನಿಲ್ಲ.
ಆದ್ರೂ ನನ್ನ ಬಲಗೈ ಅಂಗೈ ಚುರ್ ಅಂತು.

ಐದನೇತ್ತಾ. ಉಕ್ತಲೇಖನ.
ಹೊಸಾ ಮಾಸ್ತರು, ದಕ್ಷಿಣದ ಕಡಿಯವರು,
‘ಬಿಸ್ಕತ್ತು’ ಅಂದರು, ಎರಡು ಸಲ.
ಕತ್ತು ಅಂದ್ರ ಕುತ್ತಿಗಿ, ಅಷ್ಟು ಗೊತ್ತಿತ್ತು.
ಬಿಸಿ ಕತ್ತು ಯಾರದಪ್ಪಾ?
ವಿಚಾರ ಮಾಡಿ ಮಾಡಿ,
ಚಿಟಗುಪ್ಪಾ ಸಂತಿಯಿಂದ ಅವ್ವ ತರತಿದ್ದಳಲ್ಲ,
ಮುರದು ಅರ್ಧ ನನಗ ಕೊಡತಿದ್ದಳಲ್ಲ,
ಅದೇ ಇರಬೇಕಂತ ತಿಳದು
ಬಿಸ್ಕೀಟ ಅಂತ ಬರದೆ.
ದೀರ್ಘದ ಮ್ಯಾಲ ಕೆಂಪು ಗೀಟು ಬಿತ್ತು.
ಬಾಜೂಕ ದುಂಡನ್ನ ಸೊನ್ನಿ,
ಅಂಗೈಗಿ ಒಂದು ಛಡಿ.

ಸಂಜೀಕ ಅವ್ವಗ ತೋರಿಸಿದೆ. ಅಕ್ಷರ ಬರದಾಕಿ.
ಅಂಗೈ ಊದಿದಳು, ನಕ್ಕಳು:
‘ಬಿಸ್ಕೀಟ ತಿನ್ನೋದು ಬಿಟ್ಟು
ಬರೀಲಾಕ ಯಾರು ಹೇಳ್ಯಾರ ನಿನಗ?’
ಚಹಾದಾಗ ಮುಳಗಿದ ತುಂಡು
ಬೊಟ್ಟಿಲೆ ಹುಡುಕಿ ಎತ್ತಬೇಕಲ್ಲ,
ಅಷ್ಟು ಉದ್ದ ಇತ್ತು ಅವಳ ಕೀ.

ಯಾರಿಗೂ ಏನೂ ಹೇಳಲಿಲ್ಲ.
ಸ-ದ ತಲಿಮ್ಯಾಲ ಗುಡಿಸು ಇಟ್ಟೆ.
ಡಬ್ಬ್ಯಾಗ ಬ್ರಶ್ಶು ಪೂರಾ ಅದ್ದಿ
ದೀರ್ಘ ಎಳದೆ,
ಬೇಕಾದಕಿಂತ ತುಸು ಹೆಚ್ಚೇ,
ಟ ಪಾಪ ಗಾಜಿನ ಅಂಚಿಗಿ ಹೋಗಿ ನಿಂತಿತು.

ಖಲೀಲ್ ಸಾಬ ಬೊಟ್ಟು ಮಾಡಿ ಎಣಿಸಿದ:
‘ಬಿ, ಸ್ಕೀ, ಟ. ಮೂರಕ್ಕ ನೂರಾ ಇಪ್ಪತ್ತು.
ಈ ಬಾಲಕ್ಕ ಎಷ್ಟು?’
‘ಅದು ನನ್ನ ಕಡಿಂದ’ ಅಂದೆ.
ನನ್ನ ಮಾರಿ ನೋಡಿದ. ಪೇಪರಿನಾಗ ಆರು ಸುತ್ತಿ ಕೊಟ್ಟ,
ಇನ್ನಾ ಬಿಸಿ ಇದ್ದವು.

ಮೇಡಮ್ ಓದಿ ‘ಅಯ್ಯೋ’ ಅಂದರು,
ಕಾಲ್ಕೆಜಿ ಬಿಸ್ಕತ್ತು ಕೊಡಿ ಅಂದರು,
ಖಲೀಲ್ ಸಾಬ ಬಿಸ್ಕುಟ್ ತೂಗಿದ,
ತಕ್ಕಡಿ ಯಾರದೂ ಕೇಳಲಿಲ್ಲ.
ಝಮಲಿಬಾಯಿ ಮೊಮ್ಮಗ ಹಸೀ ದೀರ್ಘಕ್ಕ
ಬೊಟ್ಟು ಹಚ್ಚೇಬಿಟ್ಟ.
ಗುರುತು ಬಿತ್ತು.
ಟರ್ಪಂಟೈನ್ ಕೈಯಾಗೇ ಇತ್ತು, ಒರಸಲಿಲ್ಲ.

‘ಮುಂದಿನ ವಾರ ಆ ಕಡಿ ಗಾಜಿಗಿ ಖಾರಿ ಬರೀಬೇಕು’
ಅಂದ ಖಲೀಲ್ ಸಾಬ.
‘ಖಾರಿನೋ, ಕಾರಿನೋ?’ ಅಂತ ಕೇಳೋದ್ರಾಗ
ಎಲ್ಲಯ್ಯನ ಲಾರಿ
ಹಾರ್ನ್ ಹೊಡೀತು.